ಹೊನ್ನಳಿವೆಯ ಮೂರು ಗುರುತುಗಳು

ಬಹು ಹಿಂದಿನ ಮಾತು. ಘಟ್ಟದ ಬುಡಕ್ಕೂ ಕಡಲ ದಂಡೆಗೂ ನಡುವೆ ಹೊನ್ನಳಿವೆ ಎಂಬ ಸಣ್ಣ ರಾಜ್ಯವಿತ್ತು. ಅಲ್ಲಿ ಅರ್ಧ ವರ್ಷ ಮಳೆ, ಇನ್ನರ್ಧ ವರ್ಷ ಮಳೆಯ ಮಾತು. ರಾಜ್ಯದ ನಡುವೆ ಒಂದು ದೊಡ್ಡ ಹೊಳೆ ಹರಿದು ಬಂದು ಕಡಲನ್ನು ಸೇರುತ್ತಿತ್ತು. ಹೊಳೆ ಕಡಲಿಗೆ ಸೇರುವ ಬಾಯಿಗೆ ಅಳಿವೆ ಎನ್ನುತ್ತಾರೆ. ಅಲ್ಲಿನ ದೋಣಿಗಳೆಲ್ಲ ಆ ಬಾಯಿಯಿಂದಲೇ ಹೊರಗೆ ಹೋಗಬೇಕು, ಆ ಬಾಯಿಯಿಂದಲೇ ಒಳಗೆ ಬರಬೇಕು.

ಅಳಿವೆಯ ನೀರಿನಡಿ ಮರಳ ದಿಬ್ಬಗಳಿದ್ದವು. ಅವು ಕಣ್ಣಿಗೆ ಕಾಣುವುದಿಲ್ಲ. ದೋಣಿ ದಿಬ್ಬಕ್ಕೆ ತಾಗಿ ನಿಂತರೆ ಹಿಂದಿನಿಂದ ಬಂದ ತೆರೆ ಅದನ್ನು ಮಗುಚಿ ಹಾಕುತ್ತದೆ. ದಿಬ್ಬಗಳ ನಡುವೆ ಆಳದ ದಾರಿ ಇದ್ದದ್ದು ಒಂದೇ. ಆ ದಾರಿಯನ್ನು ಮೂರು ಗುರುತುಗಳು ತೋರಿಸುತ್ತಿದ್ದವು.

ಮೊದಲನೆಯದು ಹಕ್ಕಿಬಂಡೆ. ಅಳಿವೆಯ ಬಾಯಲ್ಲೇ ನೀರಿನಿಂದ ಎದ್ದು ನಿಂತ ಬಂಡೆ. ಅದರ ಮೇಲೆ ಸಾವಿರಾರು ಕಡಲಹಕ್ಕಿಗಳು ಗೂಡು ಕಟ್ಟಿದ್ದರಿಂದ ಅದು ದೂರಕ್ಕೆ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತಿತ್ತು. ಎರಡನೆಯದು ದಂಡೆಯ ಮೇಲಿನ ದೀಪಗೋಪುರ. ಹಿಂದೊಮ್ಮೆ ಹಡಗುಗಳು ಮುಳುಗಿದ ವರ್ಷ, ಊರಿನ ಹೆಂಗಸರು ತಲೆಗೊಂದರಂತೆ ಕೆಂಪು ಮುರಕಲ್ಲು ಹೊತ್ತು ತಂದು ಕಟ್ಟಿದ ಗೋಪುರ ಅದು. ಮೂರನೆಯದು ಆನೆಗುಡ್ಡ. ಹೊನ್ನಳಿವೆಗೆ ಮೊದಲು ಬಂದ ಜನ ಮಳೆಗಾಳಿಗೆ ನಡುಗುತ್ತಿದ್ದಾಗ ಒಂದು ಮಹಾ ಆನೆ ಬಂದು ಅವರಿಗೆ ಅಡ್ಡವಾಗಿ ಮಲಗಿತಂತೆ. ಜನ ಮನೆ ಕಟ್ಟಿದರು, ಮಕ್ಕಳಾದರು, ಮೊಮ್ಮಕ್ಕಳಾದರು. ಆನೆ ಏಳಲಿಲ್ಲ. ಅದರ ಬೆನ್ನ ಮೇಲೆ ಕಾಡು ಬೆಳೆಯಿತು.

ಬಂಡೆ, ಗೋಪುರ, ಗುಡ್ಡದ ನೆತ್ತಿ, ಈ ಮೂರೂ ಒಂದೇ ಸಾಲಿಗೆ ಬಂದು ನಿಂತರೆ ದೋಣಿಯ ಕೆಳಗೆ ಆಳದ ನೀರಿದೆ ಎಂದು ಅರ್ಥ. ಸಾಲು ತಪ್ಪದಂತೆ ಬಂಡೆಯವರೆಗೆ ಬಂದು, ಪಕ್ಕಕ್ಕೆ ತಿರುಗಿದರೆ ಹೊಳೆಯ ಶಾಂತ ನೀರು. ಚುಕ್ಕಾಣಿ ಹಿಡಿದವನು ಆ ಹೊತ್ತಿನಲ್ಲಿ ಬೇರೆ ಏನನ್ನೂ ನೋಡುತ್ತಿರಲಿಲ್ಲ.

ಹೊನ್ನಳಿವೆಯವರಿಗೆ ಒಂದು ಅಭ್ಯಾಸ. ಪರವೂರಿನವರು ಬಂದರೆ ಮೊದಲು ಬೆಲ್ಲ, ನೀರು ಕೊಡುವುದು. ಆಮೇಲೆ ದಂಡೆಗೆ ಕರೆದೊಯ್ದು ಗುರುತುಗಳನ್ನು ತೋರಿಸುವುದು. ಅರಮನೆಯನ್ನಾಗಲಿ ಕೋಟೆಯನ್ನಾಗಲಿ ಅವರು ಹಾಗೆ ತೋರಿಸುತ್ತಿರಲಿಲ್ಲ.

ಒಂದು ಬೇಸಿಗೆಯ ಕೊನೆ. ಮಳೆ ಹಿಡಿಯುವ ಮೊದಲಿನ ಕೊನೆಯ ಮೀನುಬೇಟೆಗೆಂದು ದೋಣಿಗಳೆಲ್ಲ ದೂರದ ನೀರಿಗೆ ಹೋಗಿದ್ದವು. ಊರಿನ ಗಂಡಸರೆಲ್ಲ ಆ ದೋಣಿಗಳಲ್ಲಿದ್ದರು. ಎಲ್ಲಕ್ಕೂ ಮುಂದಿದ್ದ ದೋಣಿಯ ಚುಕ್ಕಾಣಿ ಮಂಕಾಳು ಎಂಬವನ ಕೈಯಲ್ಲಿತ್ತು. ಅವನ ಮಗಳು ದುರ್ಗಿ ದಂಡೆಯಲ್ಲಿ ಮೀನು ಒಣಗಿಸುತ್ತಿದ್ದಳು.

ಒಬ್ಬ ಎತ್ತರದ ಪರದೇಶಿ ಮರಳಿನ ಮೇಲೆ ನಡೆದು ಬಂದ. ಹೆಗಲಲ್ಲಿ ಒಂದು ಬೂದು ಚೀಲ.

"ತಂಗೀ, ನಿಮ್ಮ ಊರಿನಲ್ಲಿ ನೋಡುವಂಥದ್ದು ಏನಿದೆ?" ಎಂದ.

"ಮೊದಲು ಮೀನಿನ ಮೇಲಿಂದ ಕಾಲು ತೆಗೆಯಿರಿ. ಆಮೇಲೆ ತೋರಿಸುತ್ತೇನೆ" ಎಂದಳು ದುರ್ಗಿ.

ಅವನು ಕಾಲು ತೆಗೆದ. ಅವಳು ಬೆಲ್ಲ, ನೀರು ಕೊಟ್ಟಳು. ಬಂಡೆ ತೋರಿಸಿದಳು, ಗೋಪುರ ತೋರಿಸಿದಳು, ಗುಡ್ಡ ತೋರಿಸಿದಳು. ಅವನು ಪ್ರತಿಯೊಂದರ ಅಂಚಿನ ಸುತ್ತಲೂ ಗಾಳಿಯಲ್ಲಿ ಬೆರಳು ಆಡಿಸಿದ. ಶುರುಮಾಡಿದ ಜಾಗಕ್ಕೇ ಬೆರಳು ಬಂದು ಸೇರುವವರೆಗೆ ಬಿಡಲಿಲ್ಲ.

"ಅದೆಂತ ಮಾಡುತ್ತಿದ್ದೀರಿ?"

"ಮರೆತುಹೋಗದಿರಲಿ ಎಂದು. ಇವು ನಿಮಗೆ ಅಷ್ಟು ದೊಡ್ಡವೇನು?"

ದುರ್ಗಿಗೆ ಹೆಮ್ಮೆ ಉಕ್ಕಿತು. "ದೊಡ್ಡವೇನು ಅಂದರೆ? ಇವು ಎಲ್ಲಿವೆಯೋ ಅಲ್ಲೇ ನಮ್ಮ ಮನೆ. ನಮ್ಮ ದೋಣಿಯವರು ಇವನ್ನು ಕಂಡರೆ ಕಣ್ಣು ಮುಚ್ಚಿ ಬರುತ್ತಾರೆ."

ಪರದೇಶಿ ನಕ್ಕು ಹೊರಟುಹೋದ.

ಮರುದಿನ ಬೆಳಿಗ್ಗೆ ಆನೆಗುಡ್ಡ ಇರಲಿಲ್ಲ. ಗುಡ್ಡವಿದ್ದ ಜಾಗದಲ್ಲಿ ಕೆಂಪು ನೆಲ ಮಾತ್ರ ಚಪ್ಪಟೆಯಾಗಿ ಬಿದ್ದಿತ್ತು. ಅದರಾಚೆಗೆ ಯಾರೂ ಎಂದೂ ಇಲ್ಲಿಂದ ಕಂಡಿರದ ಘಟ್ಟದ ಸಾಲು ಕಂಡಿತು. ಅದರ ಮರುದಿನ ಹಕ್ಕಿಬಂಡೆ ಇರಲಿಲ್ಲ. ಮೂರನೆಯ ಬೆಳಿಗ್ಗೆ ದೀಪಗೋಪುರವೂ ಇರಲಿಲ್ಲ.

ಹೆಂಗಸರು ಮಕ್ಕಳೆಲ್ಲ ದಂಡೆಯಲ್ಲಿ ಸೇರಿದರು. ರಾಣಿ ಪದುಮಲೆಯೂ ಬಂದಳು.

"ಗುರುತುಗಳನ್ನು ಯಾರಿಗೆ ತೋರಿಸಿದ್ದು? ತೋರಿಸಿದವರು ಯಾರು?" ಎಂದಳು.

"ನಾನೇ ರಾಣಿಯಮ್ಮ" ಎಂದಳು ದುರ್ಗಿ. ಪರದೇಶಿಯ ಚಹರೆ ಹೇಳಿದಳು. ಬೆರಳಿನ ಸಂಗತಿ ಹೇಳಿದಳು. ತಾನು ಕೊಚ್ಚಿಕೊಂಡ ಮಾತನ್ನೂ ಬಿಡದೆ ಹೇಳಿದಳು.

ರಾಣಿಯ ಮುಖ ಬಿಳಿಚಿತು. "ಅವನು ಕಾವಳ. ನನ್ನ ಅಜ್ಜಿ ಹೇಳುತ್ತಿದ್ದಳು, ನಾನು ಬರೀ ಕತೆ ಅಂದುಕೊಂಡಿದ್ದೆ. ಕಡಲಿನ ನಡುವೆ ಅವನದೊಂದು ಬೋಳುದ್ವೀಪವಿದೆ. ಅಲ್ಲಿ ಹುಟ್ಟಿದ್ದು ಒಂದೂ ಇಲ್ಲ, ಎಲ್ಲ ಕದ್ದು ತಂದದ್ದು. ಯಾರಾದರೂ ತೋರಿಸಿಕೊಟ್ಟದ್ದನ್ನು ಮಾತ್ರ ಅವನು ಕದಿಯಬಲ್ಲ. ಈಗ ಅವನಿಗೆ ಪ್ರಜೆಗಳೂ ಬೇಕಾಗಿರಬೇಕು."

"ಅಂದರೆ?" ಎಂದಳು ದುರ್ಗಿ.

"ಅವನು ಆ ಮೂರನ್ನೂ ತನ್ನ ದ್ವೀಪದಲ್ಲಿ ಸಾಲಾಗಿ ನಿಲ್ಲಿಸುತ್ತಾನೆ. ನಮ್ಮವರು ಮನೆ ಬಂತೆಂದು ಅಲ್ಲಿಗೇ ಹೋಗುತ್ತಾರೆ. ಅವನ ಗುರುತು ನಂಬಿ ಆ ದಡ ಹತ್ತಿದವರಿಗೆ ತಮ್ಮ ಊರು, ಹೆಂಡತಿ, ಮಕ್ಕಳು ಎಲ್ಲ ಮರೆತುಹೋಗುತ್ತದೆ. ಆಮೇಲೆ ಅವರು ಅವನ ಆಳುಗಳು."

ದುರ್ಗಿಗೆ ಅಪ್ಪಯ್ಯನ ಮುಖ ಕಣ್ಣ ಮುಂದೆ ಬಂತು. ತನ್ನನ್ನು ನೋಡಿಯೂ ಗುರುತಿಸದ ಮುಖ.

"ನಾನು ಹೋಗುತ್ತೇನೆ" ಎಂದಳು.

"ಎಲ್ಲಿಗೆ ಮಗಾ? ಆ ದ್ವೀಪ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ" ಎಂದಳು ರಾಣಿ.

ದುರ್ಗಿ ಆಕಾಶ ನೋಡಿದಳು. ಸಂಜೆಯಾಗುತ್ತಿತ್ತು. ಬಂಡೆಯಿದ್ದ ಜಾಗದ ಮೇಲೆ ಕಡಲಹಕ್ಕಿಗಳು ಕೂಗುತ್ತ ಸುತ್ತು ಹಾಕಿದವು. ಆಮೇಲೆ ಒಂದೊಂದಾಗಿ ಸಾಲು ಹಿಡಿದು ನೈಋತ್ಯಕ್ಕೆ ಹಾರಿದವು.

"ಅವುಗಳ ಗೂಡು ಆ ಬಂಡೆಯ ಮೇಲಿದೆ. ಮರಿಗಳೂ ಅಲ್ಲೇ ಇವೆ. ಬಂಡೆ ಎಲ್ಲಿದೆಯೋ ಅಲ್ಲಿಗೇ ಹೋಗುತ್ತವೆ" ಎಂದಳು ದುರ್ಗಿ.

ಊರಿನಲ್ಲಿ ಉಳಿದದ್ದು ಹೊಳೆಯಲ್ಲಿ ಚಿಪ್ಪು ಹೆಕ್ಕುವ ಒಂದು ಪಾತಿದೋಣಿ ಮಾತ್ರ. ದುರ್ಗಿಯ ತಾಯಿ ಸಣ್ಣಮ್ಮ ಅದಕ್ಕೆ ನೀರಿನ ಕೊಡ, ಅವಲಕ್ಕಿಯ ಗಂಟು, ಒಂದು ಚೂರಿ ಇಟ್ಟಳು.

"ಅಬ್ಬೆ, ಬೈಯುವುದಿಲ್ಲವಾ?"

"ಬೈಯಲಿಕ್ಕೆ ನಿನ್ನ ಅಪ್ಪಯ್ಯನೂ ಬೇಕು. ಇಬ್ಬರೂ ಕೂತು ಸರಿಯಾಗಿ ಬೈಯುತ್ತೇವೆ. ಕರೆದುಕೊಂಡು ಬಾ" ಎಂದಳು ಸಣ್ಣಮ್ಮ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

ದುರ್ಗಿ ಹಕ್ಕಿಗಳ ಹಿಂದೆ ಹುಟ್ಟು ಹಾಕಿದಳು. ಹಗಲು ಹಕ್ಕಿಗಳು ಮೀನಿಗಾಗಿ ಚದುರುತ್ತಿದ್ದವು. ಆಗ ಅವಳು ಸುಮ್ಮನೆ ಕಾಯುತ್ತಿದ್ದಳು. ಸಂಜೆ ಅವು ಸಾಲು ಹಿಡಿದಾಗ ದಿಕ್ಕು ನೋಡಿಕೊಂಡು ಹೋಗುತ್ತಿದ್ದಳು. ಮಳೆಗೆ ಮುಂಚಿನ ಕಡಲು ಎಣ್ಣೆಯಂತೆ ನುಣುಪಾಗಿತ್ತು. ಕೆಳಗೆ ದೊಡ್ಡ ದೊಡ್ಡ ಮೀನುಗಳು ನಿಂತ ಹಾಗೇ ನಿಂತಿದ್ದವು.

ಒಂದು ಬೆಳಿಗ್ಗೆ ನೀರಿನ ಅಂಚಿನಲ್ಲಿ ಆನೆಗುಡ್ಡ ಕಂಡಿತು.

ಅದು ಅಲ್ಲಿರಬಾರದು ಎಂದು ದುರ್ಗಿಗೆ ಗೊತ್ತಿತ್ತು. ಸುತ್ತ ಬರೀ ಕಡಲು. ಆದರೂ ಎದೆ ಹಾರಿತು. ಗುಡ್ಡದ ಮುಂದೆ ಗೋಪುರ, ಗೋಪುರದ ಮುಂದೆ ಬಂಡೆ. ಮೂರೂ ಒಂದು ಸಾಲು. ಮನೆ ಎಂದಿತು ಮನಸ್ಸು. ಅವಳ ಕೈ ತಾನಾಗಿಯೇ ಹುಟ್ಟನ್ನು ಸಾಲಿಗೆ ತಿರುಗಿಸಿತು. ಎಲ್ಲ ತಿಳಿದ ತನಗೇ ಹೀಗಾದರೆ ಏನೂ ತಿಳಿಯದ ಅಪ್ಪಯ್ಯನ ಗತಿ ಏನು? ದುರ್ಗಿ ದೋಣಿಯಲ್ಲಿ ಹಿಂದುಮುಂದಾಗಿ ಕೂತಳು. ಗುರುತುಗಳಿಗೆ ಬೆನ್ನು ಹಾಕಿ, ಹಕ್ಕಿಗಳ ಕೂಗನ್ನು ಮಾತ್ರ ಕೇಳುತ್ತ ದಡ ಮುಟ್ಟಿದಳು. ಕಾವಳನ ಗುರುತು ನಂಬಿ ಬಂದವಳಲ್ಲವಾದ್ದರಿಂದ ಅವಳಿಗೆ ಏನೂ ಮರೆಯಲಿಲ್ಲ.

ಬೋಳುದ್ವೀಪದಲ್ಲಿ ಬಿಳಿ ಮರಳು ಬಿಟ್ಟರೆ ಸ್ವಂತದ್ದು ಏನೂ ಇರಲಿಲ್ಲ. ಮರಳಿನ ಮೇಲೆ ಲೋಕದ ಅಚ್ಚರಿಗಳೆಲ್ಲ ನಿಂತಿದ್ದವು. ಕೆಳಗೆ ಹೊಳೆಯೇ ಇಲ್ಲದ ಕಲ್ಲಿನ ಸೇತುವೆ. ಗೋಡೆಯಿಲ್ಲದ ಕೋಟೆಯ ಹೆಬ್ಬಾಗಿಲು. ಊರಿನಷ್ಟು ಅಗಲದ ಆಲದ ಮರ, ಅದರಲ್ಲಿ ಒಂದು ಹಕ್ಕಿಯೂ ಇಲ್ಲ. ನೆಲದಿಂದ ಎದ್ದು ನಿಂತಲ್ಲೇ ನಿಂತ ಒಂದು ಜಲಪಾತ, ಸದ್ದಿಲ್ಲ. ದುರ್ಗಿ ಬಾಯಿ ತೆರೆದು ನೋಡುತ್ತ ನಡೆದಳು.

ಹಕ್ಕಿಬಂಡೆಯನ್ನು ಒಂದು ಮಹಾ ಏಡಿ ತಬ್ಬಿ ಕೂತಿತ್ತು. ಅದರ ಇಕ್ಕುಳದಂಥ ಒಂದೊಂದು ಕೊಂಬೂ ಒಂದೊಂದು ದೋಣಿಯಷ್ಟಿತ್ತು.

"ಯಾರದು?" ಎಂದಿತು ಏಡಿ.

"ಹೊನ್ನಳಿವೆಯ ದುರ್ಗಿ."

"ಏನು ಬೇಕು?"

"ನಮ್ಮದು ನಮಗೆ ಬೇಕು."

"ಬಿಡಲಾರೆ" ಎಂದು ಏಡಿ ಕೊಂಬು ಎತ್ತಿತು. ಎತ್ತಿದ್ದೇ ನರಳಿ ಕೆಳಗಿಟ್ಟಿತು.

ದುರ್ಗಿ ಅದರ ಸುತ್ತ ಒಂದು ಸುತ್ತು ಬಂದಳು. "ಚಿಪ್ಪು ಬಿಗಿಯಾಗಿದೆಯಲ್ಲ ಮಾರಾಯ. ಕಳಚಲಿಲ್ಲ ಯಾಕೆ?"

"ಕಾವಳ ಬಿಡುವುದಿಲ್ಲ. ಚಿಪ್ಪು ಕಳಚಿದ ಏಡಿ ಮೆತ್ತಗಿರುತ್ತದೆ, ಕಾವಲಿಗೆ ಆಗುವುದಿಲ್ಲ ಅನ್ನುತ್ತಾನೆ. ಹೊರಗೆ ಅಷ್ಟೇ ಇದ್ದೇನೆ, ಒಳಗೆ ಬೆಳೆಯುತ್ತಲೇ ಇದ್ದೇನೆ."

"ಅಲುಗಾಡಬೇಡ" ಎಂದಳು ದುರ್ಗಿ. ಬೆನ್ನಿನ ಚಿಪ್ಪು ಹಿಂಬದಿಯಲ್ಲಿ ಕೂಡುವ ಗೆರೆಗೆ ಚೂರಿ ಹಾಕಿ ಮೀಟಿದಳು. ಗೆರೆ ಬಾಯಿ ಬಿಟ್ಟಿತು. "ಈಗ ಹಿಂದಕ್ಕೆ ಬಾ. ಮುಂದಕ್ಕಲ್ಲ, ಹಿಂದಕ್ಕೆ. ಮೊದಲು ಹಿಂಗಾಲು."

"ಅಯ್ಯಯ್ಯೋ, ನೋಯುತ್ತದೆ!"

"ಗೋಪುರದಷ್ಟು ಬೆಳೆದಿದ್ದೀಯ, ಅಳಲಿಕ್ಕೆ ನಾಚಿಕೆಯಿಲ್ಲವಾ? ಕಾಲು ಎಳೆ!"

ಏಡಿ ಎಳೆಯಿತು. ಕಾಲು ಬಂತು, ಕೊಂಬು ಬಂತು, ಕೊನೆಗೆ ಕಣ್ಣುಗಳು ಬಂದವು. ಗುಲಾಬಿ ಬಣ್ಣದ, ಬೆಣ್ಣೆಯಂಥ ಹೊಸ ಏಡಿ ಹೊರಗೆ ನಿಂತಿತು. ಒಂದು ಸಲ ಮೈ ಚಾಚಿ ನಿಟ್ಟುಸಿರು ಬಿಟ್ಟು ಕಡಲಿಗೆ ಇಳಿದುಹೋಯಿತು. ಖಾಲಿ ಚಿಪ್ಪಿನ ಕೊಂಬುಗಳು ಬಂಡೆಯಿಂದ ಕಳಚಿ ಬಿದ್ದವು.

ದೀಪಗೋಪುರವನ್ನು ಒಂದು ಹಾವು ಬುಡದಿಂದ ತುದಿಯವರೆಗೆ ಸುತ್ತಿಕೊಂಡಿತ್ತು. ಅದು ಬಲೆಯ ಹಾವು. ಕಡಲಿನಲ್ಲಿ ಕಳೆದುಹೋದ ಬಲೆಗಳನ್ನೆಲ್ಲ ಸೇರಿಸಿ ಕಾವಳ ಅದನ್ನು ಹೊಸೆದಿದ್ದ.

"ಯಾರದು?" ಎಂದಿತು ಹಾವು, ನೂರು ದನಿಗಳಲ್ಲಿ.

"ಹೊನ್ನಳಿವೆಯ ದುರ್ಗಿ."

"ಏನು ಬೇಕು?"

"ನಮ್ಮದು ನಮಗೆ ಬೇಕು."

"ಬಿಡಲಾರೆ. ನನ್ನನ್ನು ಹೆಣೆದದ್ದೇ ಹಿಡಿಯಲಿಕ್ಕೆ" ಎಂದು ಹಾವು ಅವಳ ಮೇಲೆ ಬಿತ್ತು.

ದುರ್ಗಿ ಚೂರಿ ಬೀಸಿದಳು. ಕೊಯ್ದ ಬಲೆಯ ಕಣ್ಣು ಮತ್ತೆ ಕೂಡಿಕೊಂಡಿತು. ಎಳೆದಳು. ಎಳೆದಷ್ಟೂ ಬಿಗಿಯಿತು. ಉಸಿರು ಕಟ್ಟಿತು. ಆಗ ಅವಳು ಚೂರಿ ಬಿಟ್ಟು, ಮೈ ಸಡಿಲ ಬಿಟ್ಟು, ಸತ್ತ ಮೀನಿನಂತೆ ಮಲಗಿದಳು. ಎಳೆಯುವುದು ನಿಂತಾಗ ಬಲೆಯೂ ಸಡಿಲಾಯಿತು. ಅವಳ ಬೆರಳುಗಳು ಮಾತ್ರ ಗಂಟಿನಿಂದ ಗಂಟಿಗೆ ಮೆಲ್ಲಗೆ ನಡೆದವು. ಯಾರು ಹೆಣೆದ ಬಲೆಯಾದರೂ ಅದಕ್ಕೊಂದು ಮೊದಲ ಗಂಟು ಇರಬೇಕು. ಬಾಲದ ತುದಿಯಲ್ಲಿ ಅದು ಸಿಕ್ಕಿತು. ಕಾವಳ ಅದನ್ನು ಅವಸರದಲ್ಲಿ ಹಾಕಿದ್ದ. ದುರ್ಗಿ ಉಗುರಿನಿಂದ ಬಿಡಿಸಿ ನೂಲು ಎಳೆದಳು.

ಹಾವು ಸರಸರ ಬಿಚ್ಚಿಕೊಂಡಿತು. "ಅಬ್ಬಾ" ಎಂದವು ನೂರು ದನಿಗಳು, "ಹಿಡಿದು ಹಿಡಿದು ಸಾಕಾಗಿತ್ತು." ಮರಳಿನ ಮೇಲೆ ನೂಲಿನ ರಾಶಿ ಉಳಿಯಿತು.

ಬಂಡೆಗೂ ಗೋಪುರಕ್ಕೂ ಬಿಡುಗಡೆಯಾಯಿತು. ಆದರೆ ಅವು ಇದ್ದಲ್ಲಿಂದ ಕದಲಲಿಲ್ಲ. ಕದಲಲು ಅವಕ್ಕೆ ಕಾಲಿರಲಿಲ್ಲ. ದುರ್ಗಿ ಆನೆಗುಡ್ಡ ಹತ್ತಿದಳು.

ಗುಡ್ಡದ ಕಾಡು ಒಣಗಿ ನಿಂತಿತ್ತು. ನೆತ್ತಿಯ ಮೇಲೆ ಬಿಸಿಲಹುಲಿ ಮಲಗಿತ್ತು. ಅದರ ಮೈ ಕಾಯಿಸಿದ ಹಿತ್ತಾಳೆಯಂತೆ ಹೊಳೆಯುತ್ತಿತ್ತು. ಅದು ಉಸಿರು ಬಿಟ್ಟಾಗಲೆಲ್ಲ ಮೇಲೆ ಹೋಗುವ ಮೋಡ ಹತ್ತಿಯಂತೆ ಸುಟ್ಟು ಮಾಯವಾಗುತ್ತಿತ್ತು. ಪಕ್ಕದಲ್ಲಿ ಕಾವಳ ಕೂತಿದ್ದ.

"ಯಾರದು?" ಎಂದಿತು ಹುಲಿ.

"ಹೊನ್ನಳಿವೆಯ ದುರ್ಗಿ."

"ಏನು ಬೇಕು?"

ಅವಳು ಉತ್ತರ ಹೇಳುವ ಮೊದಲೇ ಕಾವಳ ನಕ್ಕ. "ಓಹೋ, ತೋರಿಸಿದವಳೇ ಬಂದಳು! ಬಾ ತಂಗೀ. ಈಗ ನಾನು ನಿನಗೆ ತೋರಿಸುತ್ತೇನೆ. ಅಗೋ."

ದುರ್ಗಿ ನೋಡಿದಳು. ಕಡಲಿನಲ್ಲಿ ಹೊನ್ನಳಿವೆಯ ಹಾಯಿಗಳು. ಎಲ್ಲಕ್ಕೂ ಮುಂದೆ ತೇಪೆ ಹಾಕಿದ ಕಂದು ಹಾಯಿ, ಅಪ್ಪಯ್ಯನದು. ದೋಣಿಗಳು ಆಗಲೇ ಸಾಲು ಹಿಡಿದಿದ್ದವು. ಹುಟ್ಟು ಹಾಕುವವರ ಹಾಡು ಸಣ್ಣಗೆ ಕೇಳುತ್ತಿತ್ತು. ಮನೆ ಕಂಡವರ ಹಾಡು ಅದು.

"ನನ್ನಲ್ಲಿ ಎಲ್ಲ ಇತ್ತು, ಜನ ಇರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಅವರೂ ಇರುತ್ತಾರೆ" ಎಂದ ಕಾವಳ. ಆಮೇಲೆ ಅವಳ ಕಡೆ ಬಾಗಿದ. "ನಿಮ್ಮ ಊರಿನಲ್ಲಿ ನೀನು ನನಗೆ ತೋರಿಸದೆ ಉಳಿಸಿದ್ದು ಏನಾದರೂ ಇದೆಯಾ? ತೋರಿಸಿದರೆ ನಿನ್ನ ಅಪ್ಪನೊಬ್ಬನನ್ನು ಬಿಟ್ಟುಬಿಡುತ್ತೇನೆ."

ದುರ್ಗಿ ಯೋಚಿಸಿದಳು. ಈ ಹುಲಿಯನ್ನು ಮೀಟಲು ಬರುವುದಿಲ್ಲ, ಬಿಚ್ಚಲು ಬರುವುದಿಲ್ಲ. ಆದರೆ ಕಾವಳ ಬೆರಳು ಆಡಿಸಿದ್ದನ್ನು ಅವಳು ಹತ್ತಿರದಿಂದ ಕಂಡಿದ್ದಳು. ಗುಡ್ಡಕ್ಕೆ ಅಂಚಿದೆ. ಗೋಪುರಕ್ಕೆ ಅಂಚಿದೆ. ಬಂಡೆಗೆ ಅಂಚಿದೆ. ಅಂಚಿನ ಸುತ್ತ ಬೆರಳು ಕೂಡಿದರೆ ವಸ್ತು ಅವನದು.

ಅಂಚಿಲ್ಲದ್ದು ಯಾವುದು?

ನೈಋತ್ಯದಲ್ಲಿ ಕಡಲಿನ ಮೇಲೆ ಕಪ್ಪು ಏಳುತ್ತಿತ್ತು.

"ಒಂದಿದೆ" ಎಂದಳು. "ನಮ್ಮ ಊರೆಂದರೆ ಅರ್ಧ ಅದೇ. ಬೇಸಿಗೆಯಲ್ಲಿ ಬಂದು ಹೋಗುವವರು ಯಾರೂ ಅದನ್ನು ನೋಡಿಲ್ಲ."

"ಏನದು?"

"ಮಳೆ."

ಕಾವಳನ ಕಣ್ಣು ಹೊಳೆಯಿತು. ಹೆಸರು ಕೇಳಿದ್ದ, ನೋಡಿರಲಿಲ್ಲ. ಅವನ ಹುಲಿ ಎಂದೂ ಒಂದು ಹನಿಯನ್ನೂ ಬೀಳಗೊಟ್ಟಿರಲಿಲ್ಲ. "ತೋರಿಸು" ಎಂದ.

ಹೇಳಿದ ಮೇಲೆ ದುರ್ಗಿಗೆ ಹೊಳೆಯಿತು. ದೂರದಿಂದ ನೋಡಿದರೆ ಬರುವ ಮಳೆಗೂ ಅಂಚಿದೆ. ಕಡಲಿನ ಮೇಲೆ ಎಳೆದ ಪರದೆಯಂತೆ ಅದು ನಡೆದು ಬರುತ್ತದೆ. ಈಗ ಅವನು ಅದನ್ನು ಸುತ್ತಿ ಬೆರಳಾಡಿಸಿದರೆ ಹೊನ್ನಳಿವೆಗೆ ಇನ್ನೆಂದೂ ಮಳೆಯಿಲ್ಲ. ಗದ್ದೆಯಿಲ್ಲ, ಹೊಳೆಯಿಲ್ಲ. ಅಪ್ಪಯ್ಯ ಬಂದರೂ ಬರುವುದು ಒಣಗಿ ಬೂದಿಯಾದ ಊರಿಗೆ. ಆದರೆ ಮಳೆ ತಲೆಯ ಮೇಲೆ ಬಂದ ಮೇಲೆ?

"ಮೊದಲ ಮಳೆಯನ್ನು ನೋಡುವ ಕ್ರಮ ಬೇರೆ" ಎಂದಳು. "ನಮ್ಮಲ್ಲಿ ಎಲ್ಲರೂ ಅಂಗಳಕ್ಕೆ ಬರುತ್ತೇವೆ. ಮುಖ ಮೇಲೆ ಮಾಡಿ ಕಣ್ಣು ಮುಚ್ಚಿ ನಿಲ್ಲುತ್ತೇವೆ. ಗದ್ದದಿಂದ ನೀರು ಇಳಿಯುವವರೆಗೆ ಯಾರೂ ಕಣ್ಣು ತೆರೆಯುವುದಿಲ್ಲ. ರಾಣಿಯೂ ಹಾಗೇ ನಿಲ್ಲುತ್ತಾಳೆ."

"ಯಾಕೆ?"

"ಯಾಕೆಂದು ಯಾರು ಕೇಳಿದ್ದಾರೆ? ನನ್ನ ಅಜ್ಜಿ ನಿಂತಿದ್ದಳು, ನಾನೂ ನಿಲ್ಲುತ್ತೇನೆ."

"ಮೋಸವಿಲ್ಲವಷ್ಟೆ?"

"ನೀವು ಕೇಳಿದ್ದನ್ನೇ ತೋರಿಸುತ್ತಿದ್ದೇನೆ. ಹುಲಿ ಇಲ್ಲಿದ್ದರೆ ಮಾತ್ರ ಆಗುವುದಿಲ್ಲ."

ಕಾವಳ ಹುಲಿಯ ಅಂಚಿನ ಸುತ್ತ ಬೆರಳಾಡಿಸಿ ಅದನ್ನು ಚೀಲಕ್ಕೆ ಹಾಕಿದ. ಮುಖ ಮೇಲೆ ಮಾಡಿ ಕಣ್ಣು ಮುಚ್ಚಿದ. ದುರ್ಗಿ ಪಕ್ಕದಲ್ಲಿ ನಿಂತು ತಾನೂ ಕಣ್ಣು ಮುಚ್ಚಿದಳು. ಅದು ಅವಳ ಕ್ರಮ.

ಮೋಡ ಬಂತು. ಬೋಳುದ್ವೀಪದ ಮೇಲೆ ಅದಕ್ಕೆ ಹಿಂದೆಂದೂ ಏನೂ ಅಡ್ಡ ಸಿಕ್ಕಿರಲಿಲ್ಲ. ಈ ಸಲ ಗುಡ್ಡ ಸಿಕ್ಕಿತು. ಮೋಡ ಗುಡ್ಡಕ್ಕೆ ತಾಗಿತು, ನಿಂತಿತು, ಮೇಲೇರಿತು, ತಣ್ಣಗಾಯಿತು. ಮೊದಲು ಗಾಳಿ ನಿಂತುಹೋಯಿತು. ಆಮೇಲೆ ಒಣ ಮಣ್ಣಿನಿಂದ ವಾಸನೆ ಎದ್ದಿತು. ಆಮೇಲೆ ಒಂದು ಹನಿ ದುರ್ಗಿಯ ರೆಪ್ಪೆಯ ಮೇಲೆ ಬಿತ್ತು, ಒಂದು ತುಟಿಯ ಮೇಲೆ. ಆಮೇಲೆ ಆಕಾಶವೇ ಬಿತ್ತು.

ಗದ್ದದಿಂದ ನೀರು ಇಳಿಯಿತು. ಕಾವಳ ಕಣ್ಣು ತೆರೆದ.

ಎಲ್ಲೆಲ್ಲೂ ನೀರು. ಮೇಲಿಲ್ಲ, ಕೆಳಗಿಲ್ಲ, ಕಡಲಿಲ್ಲ, ಆಕಾಶವಿಲ್ಲ. ಅವನು ಬೆರಳು ಎತ್ತಿದ. "ಇದು ಎಲ್ಲಿ ಶುರುವಾಗುತ್ತದೆ?" ಎಂದ.

"ಗೊತ್ತಿಲ್ಲ."

"ಎಲ್ಲಿ ಮುಗಿಯುತ್ತದೆ?"

"ನಮ್ಮ ಊರಿನಲ್ಲಿ ತಿಂಗಳುಗಟ್ಟಲೆ ಇದನ್ನೇ ಕೇಳುತ್ತಿರುತ್ತೇವೆ" ಎಂದಳು ದುರ್ಗಿ.

ಅವನು ಬೆರಳಾಡಿಸತೊಡಗಿದ. ಬೆರಳು ಸುತ್ತಿತು, ಸುತ್ತಿತು, ಶುರುವಾದ ಜಾಗ ಸಿಗಲಿಲ್ಲ. ಸಿಟ್ಟಿನಿಂದ ಚೀಲದ ಬಾಯಿ ತೆರೆದು ಹಿಡಿದ. ಮಳೆ ಅದರೊಳಗೆ ಧುಮುಕಿತು. ಒಳಗೆ ಹುಲಿ ಒಮ್ಮೆ ಚುಂಯ್ ಎಂದು ಆರಿಹೋಯಿತು. ಚೀಲ ಉಬ್ಬಿತು. ಬಂಡೆಯಷ್ಟಾಯಿತು, ಗೋಪುರದಷ್ಟಾಯಿತು. ಒಂದು ಗಳಿಗೆ ಮಳೆ ನಿಂತೇಹೋಯಿತು. ಆಕಾಶ ಬರಿದಾಗಿತ್ತು, ಒಂದು ಹನಿಯೂ ಇರಲಿಲ್ಲ. ಕಾವಳ ನಗಲು ಬಾಯಿ ತೆರೆದ.

ಗುಡುಗಿತು. ಹಿಂದಿನ ಮೋಡ ಬಂತು, ಅದರ ಹಿಂದೆ ಇನ್ನೊಂದು. ಚೀಲ ಒಡೆಯಿತು.

ಕದ್ದದ್ದೆಲ್ಲ ಎದ್ದಿತು. ಕಲ್ಲಿನ ಸೇತುವೆ ಕಡಲಿನ ಮೇಲೆ ಕಮಾನು ಕಮಾನಾಗಿ ಹೆಜ್ಜೆ ಹಾಕುತ್ತ ಹೋಯಿತು. ಆಲದ ಮರ ಬಿಳಲುಗಳನ್ನು ಎತ್ತಿಕೊಂಡು ಹೊರಟಿತು. ಜಲಪಾತಕ್ಕೆ ಸದ್ದು ಮರಳಿತು. ಅದು ಭೋರ್ಗರೆಯುತ್ತ ಬೆಟ್ಟಗಳ ದಿಕ್ಕಿಗೆ ನಡೆಯಿತು. ಕಾವಳನಿಂದಲೂ ಒಂದೊಂದೇ ಹೊರಟವು. ಅವನ ಎತ್ತರ ಯಾವುದೋ ಊರಿನ ಕಂಬದ್ದು, ಅದು ಹೋಯಿತು. ಅವನ ದನಿ ಯಾವುದೋ ಊರಿನ ಗಂಟೆಯದು, ಅದೂ ಹೋಯಿತು. ಕಣ್ಣಿನ ಹೊಳಪು ಯಾವುದೋ ಕೆರೆಯದು. ಎಲ್ಲ ಹೋದ ಮೇಲೆ ಉಳಿದದ್ದು ಒಂದು ಒದ್ದೆ ಬಟ್ಟೆ. ಅದರೊಳಗೆ ಯಾರೂ ಇರಲಿಲ್ಲ.

ಆಗ ದುರ್ಗಿಯ ಕಾಲ ಕೆಳಗೆ ಗುಡ್ಡ ಉಸಿರಾಡಿತು.

ತನ್ನದಲ್ಲದ ನೆಲದಲ್ಲಿ ತನ್ನ ಮಳೆ ಮೈಮೇಲೆ ಬಿದ್ದಾಗ ಆನೆಗೆ ಎಚ್ಚರವಾಗಿತ್ತು. ಅದು ಎದ್ದಿತು. ಪಕ್ಕೆಗಳಿಂದ ತೊರೆಗಳು ಇಳಿದವು. ಕಿವಿ ಬೀಸಿದಾಗ ಕಾಡಿನ ಒಣ ಎಲೆಗಳು ಊರಿನಷ್ಟು ಅಗಲಕ್ಕೆ ಹಾರಿದವು. ಸೊಂಡಿಲಿನಿಂದ ಗೋಪುರವನ್ನು ಎತ್ತಿ ಬೆನ್ನ ಮೇಲಿಟ್ಟುಕೊಂಡಿತು. ಬಂಡೆಯನ್ನು ಗೂಡು, ಮರಿ, ಹಕ್ಕಿಗಳ ಸಮೇತ ದಂತಗಳ ಮೇಲಿಟ್ಟುಕೊಂಡಿತು. ದುರ್ಗಿ ಆನೆಯ ಕುತ್ತಿಗೆಯ ಮೇಲಿನ ಒಂದು ಹಲಸಿನ ಮರವನ್ನು ತಬ್ಬಿ ಕೂತಳು. ಆನೆ ಕಡಲಿಗೆ ಇಳಿಯಿತು. ನೀರು ಅದರ ಮೊಣಕಾಲಿಗೆ ಬಂತು.

ದೋಣಿಗಳು ಮಳೆಯಲ್ಲಿ ದಿಕ್ಕು ತಪ್ಪಿ ಹೊಯ್ದಾಡುತ್ತಿದ್ದವು. ಆಗ ಗೋಪುರದ ದೀಪ ತಾನಾಗಿ ಹೊತ್ತಿಕೊಂಡಿತು.

"ಮಂಕಾಳಣ್ಣ, ಗುಡ್ಡ ನಡೆಯುತ್ತಿದೆ!" ಎಂದು ಒಬ್ಬ ಕಿರುಚಿದ.

ಮಂಕಾಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಬೆನ್ನು, ಬೆನ್ನ ಮೇಲೆ ಗೋಪುರ, ಅದರ ಮುಂದೆ ಬಂಡೆ. ಹಿಂದಿನಿಂದ ನೋಡಿದರೂ ಮೂರೂ ಒಂದು ಸಾಲು.

"ನಡೆದರೆ ನಡೆಯಲಿ. ಸಾಲು ಸರಿಯಾಗಿದೆ. ಹುಟ್ಟು ಹಾಕಿ" ಎಂದ.

ಹೀಗೆ ಹೊನ್ನಳಿವೆಯ ದೋಣಿಗಳೆಲ್ಲ ಮಳೆಯಲ್ಲಿ ಆನೆಯ ಹಿಂದೆ ಬಂದವು. ಆನೆ ತೆರೆಗಳನ್ನು ಒಡೆದು ಮುಂದೆ ಹೋಗುತ್ತಿತ್ತು. ಅದರ ಹಿಂದಿನ ನೀರು ಕೊಳದಂತೆ ಶಾಂತವಾಗಿತ್ತು.

ಅಳಿವೆಯ ಮುಂದೆ ದೋಣಿಗಳು ನಿಂತವು. ಆನೆ ಬಂಡೆಯನ್ನು ಅದರ ಬೇರಿನ ಮೇಲೆ ಇಳಿಸಿತು. ಗೋಪುರವನ್ನು ಅದರ ಪಾಯದ ಮೇಲೆ ಇಳಿಸಿತು. ಕೆಂಪು ನೆಲಕ್ಕೆ ಹೋಗಿ ಮಂಡಿ ಊರಿತು. ದುರ್ಗಿ ಅದರ ಕಿವಿಯ ಬುಡ ತಟ್ಟಿ "ತಾಳು" ಎಂದಳು.

ಒಂದು ಗೇಣು ತಪ್ಪಿ ಮಲಗಿದರೂ ಸಾಲು ತಪ್ಪುತ್ತದೆ, ದೋಣಿಗಳು ದಿಬ್ಬ ಹತ್ತುತ್ತವೆ. ಗುಡ್ಡದ ಮೇಲಿದ್ದವಳಿಗೆ ಸಾಲು ಕಾಣುವುದಿಲ್ಲ. ಅದು ಕಾಣುವುದು ಕಡಲಿನಿಂದ ಮಾತ್ರ. ಅವಳು ಮರ ಹತ್ತಿ ಎರಡೂ ಕೈ ಬೀಸಿದಳು. ದೂರದ ಕಂದು ಹಾಯಿಯ ದೋಣಿಯಲ್ಲಿ ಒಬ್ಬ ಎದ್ದು ನಿಂತ. ನೆತ್ತಿಯ ಮೇಲೆ ಕೈ ಬೀಸುವವಳು ಯಾರೆಂದು ಅವನಿಗೆ ತಿಳಿಯಿತು. ಏನು ಕೇಳುತ್ತಿದ್ದಾಳೆಂದೂ ತಿಳಿಯಿತು. ಅವನು ಕೋಲು ಇಳಿಸಿ ನೀರಿನ ಆಳ ನೋಡಿದ. ಮೊದಲ ಮಳೆಗೇ ದಿಬ್ಬ ಸ್ವಲ್ಪ ಸರಿದಿತ್ತು. ದೋಣಿಯನ್ನು ಆಳದ ನೀರಿಗೆ ತಂದು ನಿಲ್ಲಿಸಿ, ಹುಟ್ಟನ್ನು ಎತ್ತಿ ಬಡಗಕ್ಕೆ ಬಾಗಿಸಿದ.

"ಬಡಗಕ್ಕೆ" ಎಂದಳು ದುರ್ಗಿ. ಆನೆ ಬಡಗಕ್ಕೆ ಸರಿಯಿತು.

ಹುಟ್ಟು ಇನ್ನೂ ಬಾಗಿತ್ತು. ಆನೆ ಇನ್ನೂ ಸರಿಯಿತು. ಹುಟ್ಟು ಚೂರು ತೆಂಕಕ್ಕೆ ವಾಲಿತು. ಆನೆ ಹಿಂದಕ್ಕೆ ಬಂತು. ದಂಡೆಯ ತುಂಬ ಹೆಂಗಸರು ಮಕ್ಕಳು ಉಸಿರು ಹಿಡಿದು ನಿಂತಿದ್ದರು.

ಹುಟ್ಟು ನೆಟ್ಟಗೆ ನಿಂತಿತು.

"ಇಲ್ಲೇ" ಎಂದಳು ದುರ್ಗಿ. ಆನೆ ನಿಧಾನವಾಗಿ ಮಲಗಿತು, ಒಂದು ದೀರ್ಘ ಉಸಿರು ಬಿಟ್ಟಿತು, ಗುಡ್ಡವಾಯಿತು.

ದೋಣಿಗಳು ಒಂದರ ಹಿಂದೆ ಒಂದು ಒಳಗೆ ಬಂದವು. ಒಂದೂ ತಾಗಲಿಲ್ಲ. ಮಂಕಾಳು ಮೊಣಕಾಲುದ್ದ ನೀರಿಗೆ ಹಾರಿ ದಡಕ್ಕೆ ಬಂದ. ದುರ್ಗಿ ಓಡಿ ಬಂದು ನಿಂತಳು, ಮುಂದೆ ಹೆಜ್ಜೆ ಇಡಲು ಹೆದರಿದಳು.

"ಅಪ್ಪಯ್ಯ, ನಾನು ಯಾರು ಹೇಳಿ."

"ನೀನು ಯಾರೆಂದು ಹೇಳಬೇಕಾ? ಗುಡ್ಡದ ಮೇಲೆ ಮಂಗನ ಹಾಗೆ ಕುಣಿಯುವವಳು ಈ ರಾಜ್ಯದಲ್ಲಿ ಇನ್ನು ಯಾರಿದ್ದಾರೆ?" ಎಂದ ಮಂಕಾಳು. ಅವಳು ಅವನ ಒದ್ದೆ ಎದೆಗೆ ಮುಖ ಒತ್ತಿ ಅತ್ತಳು.

ಸಣ್ಣಮ್ಮ ಹಿಂದಿನಿಂದ ಬಂದಳು. "ಗುಡ್ಡ ತಂದದ್ದು ಸರಿ. ನನ್ನ ಬದನೆ ಗಿಡದ ಮೇಲೆ ಯಾಕೆ ಮಲಗಿಸಿದೆ? ಬೇರೆ ಜಾಗ ಸಿಗಲಿಲ್ಲವಾ?"

"ಅಳಿವೆ ಸರಿದಿದೆ ಮಾರಾಯ್ತಿ, ಅದಕ್ಕೆ ಗುಡ್ಡವೂ ಸರಿಯಬೇಕಾಯಿತು" ಎಂದ ಮಂಕಾಳು.

"ಹಾಗಾದರೆ ನಾವೂ ಚೂರು ಸರಿದು ಬದನೆ ನೆಡೋಣ" ಎಂದಳು ಸಣ್ಣಮ್ಮ. ದಂಡೆಯವರೆಲ್ಲ ನಕ್ಕರು, ರಾಣಿ ಪದುಮಲೆಯೂ ನಕ್ಕಳು.

ಆ ವರ್ಷದ ಮಳೆ ಬಹಳ ದಿನ ಹಿಡಿಯಿತು. ಗದ್ದೆಗಳು ತುಂಬಿದವು, ದೋಣಿಗಳು ಚಪ್ಪರದಡಿ ಮಲಗಿದವು, ಮನೆಮನೆಯ ಒಲೆಯ ಸುತ್ತ ಕೂರಬೇಕಾದವರೆಲ್ಲ ಕೂತಿದ್ದರು. ಮುಂದೆಯೂ ಹೊನ್ನಳಿವೆಯವರು ಮಳೆಯಿದ್ದಾಗ ಮಳೆಯಲ್ಲಿ, ಮಳೆಯಿಲ್ಲದಾಗ ಅದರ ಮಾತಿನಲ್ಲಿ, ಯಾರೊಬ್ಬರೂ ಕಳೆದುಹೋಗದೆ ಬಹುಕಾಲ ಸುಖವಾಗಿ ಬಾಳಿದರು.